ರೀಕಕ್ಕ ಮರೆತು ಬಿಟ್ಟ ಡಬ್ಬ

ನಮ್ಮ ವರ್ಕಮ್ ಊರಿನಲ್ಲಿ ಯಾರಿಗೂ ಮರೆವಿನ ಕಾಯಿಲೆ ಇಲ್ಲ. ಯಾರ ಅಜ್ಜ ಯಾರ ಅಜ್ಜನಿಂದ ಹಂದಿಮರಿ ಎರವಲು ತಂದು ಹಿಂದಿರುಗಿಸಲಿಲ್ಲ ಎನ್ನುವುದು ಮೂರು ತಲೆಮಾರು ದಾಟಿದರೂ ನೆನಪಿರುತ್ತದೆ. ಅಂಥ ಊರಿನಲ್ಲಿ ರೀಕಾ ರೋರ್ಡಾ ಒಬ್ಬಳಿಗೆ ವರ್ಷಕ್ಕೊಂದು ಸಲ ಮರೆವು ಬರುತ್ತಿತ್ತು. ಅದೂ ಸಮಾಧಿಗಳಿಗೆ ಹೂವಿಡುವ ಸೋಮವಾರದ ಹಿಂದಿನ ಶನಿವಾರ ಸಂಜೆ ಮಾತ್ರ. ರಸ್ತೆ ಬದಿಯ ಹೂವಿನ ಮೇಜಿನ ಮೇಲಿದ್ದ ದುಡ್ಡಿನ ಡಬ್ಬವನ್ನು ಒಳಗೆ ಎತ್ತಿಕೊಂಡು ಹೋಗುವುದನ್ನು ಅವಳು ಆ ಸಂಜೆ ಮರೆತುಬಿಡುತ್ತಿದ್ದಳು. ಮರುದಿನ ಭಾನುವಾರ, ಸಬ್ಬತ್ತು, ದೇವರಿಗೆ ಮೀಸಲಾದ ದಿನ. ಭಾನುವಾರ ನಮ್ಮೂರಿನಲ್ಲಿ ಒಂದು ಗುಂಡುಸೂಜಿಯನ್ನೂ ಮಾರುವಂತಿಲ್ಲ, ಕೊಳ್ಳುವಂತಿಲ್ಲ.

ರೀಕಕ್ಕನ ಮನೆ ನಮ್ಮ ಮನೆಗೆ ಎದುರು. ನಡುವೆ ಇರುವುದು ಕೌಂಟಿ ರಸ್ತೆ ಮತ್ತು ನನ್ನ ಹೆಂಡತಿ ಕೋರಿ ಹಾಕಿದ ಕಿಟಕಿ ಪರದೆ. ಪರದೆ ಹೆಸರಿಗೆ ಮಾತ್ರ. ಹಾಗಾಗಿ ರೀಕಕ್ಕನ ಬದುಕು ನನಗೆ ನನ್ನ ಬದುಕಿಗಿಂತ ಚೆನ್ನಾಗಿ ಗೊತ್ತು. ಅವಳು ಆ ಮನೆಯಲ್ಲೇ ಹುಟ್ಟಿದಳು, ಆ ಮನೆಗೇ ಗಂಡನನ್ನು ಕರೆದುಕೊಂಡು ಬಂದಳು. ಗಂಡ ಹಾರ್ಮ್ ಹಾಲಿನ ಲಾರಿ ಓಡಿಸುತ್ತಿದ್ದ. ಮೊದಲೇ ಮಾತು ಕಡಿಮೆ, ಮದುವೆಯಾದ ಮೇಲೆ ಇನ್ನೂ ಕಡಿಮೆಯಾಯಿತು. ಒಂದು ದಿನ ಯಾರಿಗೂ ಏನೂ ಹೇಳದೆ ನಿದ್ದೆಯಲ್ಲೇ ಹೋಗಿಬಿಟ್ಟ. ರೀಕಕ್ಕ ಚರ್ಚಿನ ಶಾಲೆಯ ಅಡುಗೆಮನೆಯಲ್ಲಿ ಬಟಾಣಿ ಸೂಪು ಬಡಿಸುತ್ತಾ ಊರಿನ ಅರ್ಧ ಜನರನ್ನು ದೊಡ್ಡವರನ್ನಾಗಿ ಮಾಡಿದವಳು. ಇವತ್ತಿಗೂ ಬ್ಯಾಂಕಿನ ಮ್ಯಾನೇಜರು ಅವಳೆದುರು ತಟ್ಟೆಯಲ್ಲಿ ಸೂಪು ಉಳಿಸಿ ಸಿಕ್ಕಿಬಿದ್ದ ಹುಡುಗನ ಹಾಗೆ ನಿಲ್ಲುತ್ತಾನೆ.

ಅಡುಗೆ ಕೆಲಸದಿಂದ ನಿವೃತ್ತಳಾದ ಮೇಲೆ ಅವಳು ಪಿಯೋನಿ ಹೂವು ಮಾರತೊಡಗಿದಳು. ಗಿಡಗಳು ಅವಳ ತಾಯಿ ನೆಟ್ಟವು, ಮನೆಗೆ ಬರುವ ದಾರಿಯುದ್ದಕ್ಕೂ ಎರಡು ಸಾಲು. ಪಿಯೋನಿ ಗಿಡ ವಿಚಿತ್ರದ್ದು. ಅದರ ಪಾಡಿಗೆ ಬಿಟ್ಟರೆ ನೆಟ್ಟವರ ಮೊಮ್ಮಕ್ಕಳು ಮುದುಕರಾದರೂ ಹೂವು ಕೊಡುತ್ತಿರುತ್ತದೆ. ಕಿತ್ತು ಬೇರೆ ಕಡೆ ನೆಟ್ಟರೆ ಮುನಿಸಿಕೊಂಡು ವರ್ಷಗಟ್ಟಲೆ ಬರೀ ಎಲೆ ಬಿಡುತ್ತದೆ. ನಮ್ಮ ಜನರ ನಡುವೆ ಬೆಳೆದು ಅದಕ್ಕೂ ನಮ್ಮ ಗುಣವೇ ಬಂದಿದೆ.

ವ್ಯಾಪಾರವೆಂದರೆ ದೊಡ್ಡದೇನಲ್ಲ. ರಸ್ತೆ ಪಕ್ಕ ಒಂದು ಮಡಚುವ ಮೇಜು, ಉಪ್ಪಿನಕಾಯಿಯ ಹಳೆಯ ಬಕೆಟ್ಟುಗಳಲ್ಲಿ ಬಣ್ಣ ಬಣ್ಣದ ಕಟ್ಟುಗಳು, ಮೇಜಿನ ಕಾಲಿಗೆ ಸರಪಳಿ ಹಾಕಿ ಕಟ್ಟಿದ ಕಾಫಿಪುಡಿಯ ತಗಡಿನ ಡಬ್ಬ. ಡಬ್ಬದ ಮುಚ್ಚಳದಲ್ಲಿ ಒಂದು ಸೀಳು. ಅದರ ಪಕ್ಕದ ಹಲಗೆಯ ಮೇಲೆ ಅವಳೇ ಬಣ್ಣದಲ್ಲಿ ಬರೆದಿದ್ದಳು: ‘ದುಡ್ಡು ಡಬ್ಬದಲ್ಲಿ ಹಾಕಿ. ದೇವರು ನೋಡುತ್ತಿದ್ದಾನೆ.’ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ‘ರೀಕಾ ಕೂಡ.’ ಈ ಎರಡನೆಯ ಸಾಲು ಬಂದ ಮೇಲೆ ಡಬ್ಬ ಹೆಚ್ಚು ತೂಗುತ್ತಿತ್ತು ಎಂದು ಅವಳೇ ಹೇಳಿದ್ದಾಳೆ.

ಶನಿವಾರ ಅವಳು ಮೇಜಿನ ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಆಗ ಮಾತು ಕೇಳಬೇಕು. ಡೆಮಾಯ್ನ್ ನಗರದಿಂದ ಬಂದ ಹೆಂಗಸೊಬ್ಬಳು ಮೂಗು ಮುರಿದು, “ಇದರ ಮೇಲೆಲ್ಲ ಇರುವೆ ಇದಾವಲ್ರೀ!” ಎಂದರೆ, “ಇರುವೆಗೆ ಬೇರೆ ದುಡ್ಡು ತಗೊಳ್ಳಲ್ಲಮ್ಮ, ಹಾಗೇ ತಗೊಂಡು ಹೋಗಿ,” ಎನ್ನುತ್ತಿದ್ದಳು. ಇನ್ನೊಬ್ಬ, “ಮೊಗ್ಗು ಮಾರ್ತಾ ಇದೀರಲ್ಲ, ಅರಳಿರೋದು ಇಲ್ವಾ?” ಎಂದರೆ, “ಅರಳಿರೋದು ನಾಳಿದ್ದು ನಿಮ್ಮಪ್ಪನ ಸಮಾಧಿ ಮೇಲೆ ಉದುರಿ ಬಿದ್ದಿರುತ್ತೆ. ಪರವಾಗಿಲ್ವಾ?” ಎಂದು ತಿರುಗಿ ಕೇಳುತ್ತಿದ್ದಳು. ನಮ್ಮೂರಿನವರು ಮಾತ್ರ ಬೇರೆ ಜಾತಿ. ಅವರಿಗೆ ಮೊಗ್ಗು, ಇರುವೆ ಎಲ್ಲ ಗೊತ್ತು. ಬಾಗಿದ ದಂಟಿನ ಹೂವಿಗೆ ಕಡಿಮೆ ಮಾಡ್ತೀಯಾ ಎಂದಷ್ಟೇ ಕೇಳುತ್ತಿದ್ದರು.

ಮೊಗ್ಗನ್ನು ಕೊಯ್ಯುವ ಹದ ಅವಳ ಎರಡು ಬೆರಳಿನಲ್ಲಿತ್ತು. ಒತ್ತಿದರೆ ಮಾರ್ಷ್‌ಮ್ಯಾಲೊ ಮಿಠಾಯಿಯ ಹಾಗೆ ಮೆತ್ತಗೆ ತಗ್ಗಬೇಕು. ಆಗ ಕೊಯ್ದು, ಹಳೆ ಪೇಪರಿನಲ್ಲಿ ಸುತ್ತಿ, ನೆಲಮಾಳಿಗೆಯ ಫ್ರಿಜ್ಜಿನಲ್ಲಿ ನೀರು ಸೋಕಿಸದೆ ಮಲಗಿಸಿದರೆ ವಾರಗಟ್ಟಲೆ ನಿದ್ದೆ ಮಾಡುತ್ತದೆ. ಬೇಕಾದಾಗ ದಂಟಿನ ತುದಿ ಕತ್ತರಿಸಿ ನೀರಿಗಿಟ್ಟರೆ ಬೆಳಗಾಗುವಷ್ಟರಲ್ಲಿ ಎಲೆಕೋಸಿನಷ್ಟು ದೊಡ್ಡದಾಗಿ ಅರಳುತ್ತದೆ. ಆ ಫ್ರಿಜ್ಜಿನಲ್ಲಿ ಒಂದು ಸೇಬು ಸಹ ಇಡುವಂತಿರಲಿಲ್ಲ, ಸೇಬು ಪಕ್ಕದಲ್ಲಿದ್ದರೆ ಮೊಗ್ಗು ಕೆಡುತ್ತದೆ. ಮೇ ತಿಂಗಳಿಡೀ ಹಾರ್ಮ್‌ನ ಊಟ ಫ್ರಿಜ್ಜಿನಲ್ಲಿ ಜಾಗ ಸಿಗದೆ ಹಳಸಿಹೋದದ್ದುಂಟು, ಹೂವು ಬಾಡಿದ್ದಿಲ್ಲ.

ಈಗ ಮರೆವಿನ ವಿಷಯಕ್ಕೆ ಬರುತ್ತೇನೆ. ರೀಕಕ್ಕನಿಗೆ ಹಿಲ್ಕೆ ಎಂಬ ತಂಗಿಯಿದ್ದಾಳೆ. ಅಕ್ಕನಷ್ಟೇ ಚೂಪು ಬಾಯಿ, ಅಕ್ಕನಷ್ಟೇ ಗಟ್ಟಿ ಕುತ್ತಿಗೆ. ಹೆದ್ದಾರಿ ಪಕ್ಕದಲ್ಲಿ ಒಂದು ತಿಂಡಿ ಹೋಟೆಲ್ ಇಟ್ಟಿದ್ದಾಳೆ, ಅವಳ ಪ್ಯಾನ್‌ಕೇಕು ನಾಲ್ಕೂರಿಗೆ ಹೆಸರುವಾಸಿ. ಆ ಹೋಟೆಲ್ ಭಾನುವಾರವೂ ತೆರೆದಿರುತ್ತದೆ. ಭಾನುವಾರವೇ ಹೆಚ್ಚು ಗಿರಾಕಿ. ನಮ್ಮ ಚರ್ಚಿನ ಕೆಲವರು ಚಳಿಗಾಲದಲ್ಲಿ ಕಾಲರು ಮೇಲೆತ್ತಿಕೊಂಡು ಅಲ್ಲಿ ತಿಂದು ಬರುವುದನ್ನು ನಾನು ಬಲ್ಲೆ. ಹೋಟೆಲ್ ಇರುವುದು ಪಕ್ಕದ ಕೌಂಟಿಯಲ್ಲಿ. ದೇವರು ಕೌಂಟಿ ಗಡಿಯ ಆಚೆ ಅಷ್ಟಾಗಿ ಗಮನ ಕೊಡುವುದಿಲ್ಲ ಎಂದು ಅವರ ನಂಬಿಕೆ ಇರಬೇಕು.

ತಾಯಿಯನ್ನು ಮಣ್ಣು ಮಾಡಿದ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಹ್ಯಾಮ್ ಬನ್ನು ತಿನ್ನುತ್ತಿದ್ದಾಗ ರೀಕಕ್ಕ ಊರಿನೆದುರು ತಂಗಿಗೆ ಹೇಳಿದಳು, “ಭಾನುವಾರ ಬಾಗಿಲು ಮುಚ್ಚೋವರೆಗೂ ನೀನು ನನ್ನ ಮನೆ ಜಗಲಿ ಹತ್ಬೇಡ.”

ಹಿಲ್ಕೆ ಬನ್ನನ್ನು ತಟ್ಟೆಯಲ್ಲಿಟ್ಟಳು. “ಹತ್ತಲ್ಲ. ನಿನ್ನ ಕೈಯಿಂದ ಒಂದು ಎಲೇನೂ ಬಿಟ್ಟಿ ತಗೊಳ್ಳಲ್ಲ. ಅಮ್ಮನ ಹೂವು ಸಹಿತ.”

ಇಬ್ಬರೂ ಹೇಳಿದ ಮಾತಿಗೆ ತಪ್ಪುವವರಲ್ಲ, ಅದೇ ತೊಂದರೆ. ಹಿಲ್ಕೆ ಜಗಲಿ ಹತ್ತಲಿಲ್ಲ. ಆದರೆ ತಾಯಿಯ ಸಮಾಧಿಗೆ ತಾಯಿ ನೆಟ್ಟ ಗಿಡದ ಹೂವೇ ಆಗಬೇಕು, ಬಿಳಿ ಪಿಯೋನಿ, ನಡುವಿನ ಎಸಳಿಗೆ ರಕ್ತ ಸಿಡಿದಂತೆ ಕೆಂಪು ಚುಕ್ಕೆ. ಅದು ಇರುವುದು ಅಕ್ಕನ ಅಂಗಳದಲ್ಲಿ. ಹಾಗಾಗಿ ವರ್ಷಕ್ಕೊಮ್ಮೆ ಹಿಲ್ಕೆ ಆ ಭಾನುವಾರ, ಅಕ್ಕ ಚರ್ಚಿನ ಬೆಂಚಿನ ಮೇಲೆ ಭದ್ರವಾಗಿ ಕೂತಿದ್ದಾಳೆಂದು ಖಾತ್ರಿಯಿರುವ ಹೊತ್ತಿಗೆ, ಪಿಕಪ್ ಗಾಡಿಯಲ್ಲಿ ಬರುತ್ತಿದ್ದಳು. ಎಡಗಡೆಯ ಬಕೆಟ್ಟಿನಲ್ಲಿ ಬಿಳಿಯ ಕಟ್ಟು ಕಾದಿರುತ್ತಿತ್ತು. ಅದನ್ನೆತ್ತಿಕೊಂಡು, ಬೇರೆ ಗಿರಾಕಿಗಳ ಹಾಗೆಯೇ ಡಬ್ಬಕ್ಕೆ ದುಡ್ಡು ಹಾಕಿ, ಮನೆಯ ಕಡೆ ತಲೆಯೆತ್ತದೆ ಹೊರಟುಹೋಗುತ್ತಿದ್ದಳು. ದುಡ್ಡನ್ನು ಹೋಟೆಲಿನ ಪೇಪರ್ ನ್ಯಾಪ್ಕಿನ್ನಿನಲ್ಲಿ ಸುತ್ತಿ ಹಾಕುತ್ತಿದ್ದಳು. ಬಂದವಳು ತಾನೇ ಎಂದು ಅಕ್ಕನಿಗೆ ತಿಳಿಯಲಿ ಅಂತಲೋ, ಅಕ್ಕ ಉರಿದುಕೊಳ್ಳಲಿ ಅಂತಲೋ, ಅವಳಿಗೇ ಗೊತ್ತಿತ್ತೋ ಇಲ್ಲವೋ. ಚರ್ಚಿನಿಂದ ಬಂದ ರೀಕಕ್ಕ ಟೋಪಿ ಸಹ ತೆಗೆಯದೆ ಡಬ್ಬದ ಮುಚ್ಚಳ ಬಿಚ್ಚುತ್ತಿದ್ದಳು. ನ್ಯಾಪ್ಕಿನ್ ಸಿಕ್ಕಿದರೆ ಆ ದಿನವೆಲ್ಲ ಅವಳ ಮುಖ ಬೇರೆಯೇ ಇರುತ್ತಿತ್ತು.

ಅಕ್ಕತಂಗಿಯರ ನಡುವೆ ಉಳಿದಿದ್ದದ್ದು ಇಷ್ಟೇ. ಇದು ಊರಿಗೆಲ್ಲ ಗೊತ್ತು. ಆದರೆ ಗೊತ್ತಿದೆ ಎಂದು ಯಾರೂ ಬಾಯಿ ಬಿಡುವುದಿಲ್ಲ. ನಾವು ಸಭ್ಯ ಜನ.

ಹೀಗಿರುವಾಗ ಡ್ರೀಸ್ ಟೆರ್‌ಹಾರ್ಸ್ಟ್ ಚರ್ಚಿನ ಹಿರಿಯರ ಸಭೆಗೆ ಮುಖ್ಯಸ್ಥನಾದ. ಡ್ರೀಸ್ ತನ್ನ ಹಾರ್ಡ್‌ವೇರ್ ಅಂಗಡಿಯ ಮುಂದೆ ಸಮಾಧಿಗೆಂದೇ ಜೆರೇನಿಯಂ ಹೂಗಿಡದ ಕುಂಡ ಮಾರುವವನು. ಜನ ಒಂದು ಕುಂಡದ ದುಡ್ಡಿಗೆ ರೀಕಕ್ಕನ ಹತ್ತಿರ ಎರಡು ಕಟ್ಟು ತರುತ್ತಿದ್ದರು. ಇದಕ್ಕೂ ಅವನಿಗೆ ದೇವರ ಆಜ್ಞೆಯ ಮೇಲೆ ಹುಟ್ಟಿದ ಹೊಸ ಕಾಳಜಿಗೂ ಸಂಬಂಧವಿಲ್ಲ ಎಂದು ಅವನೇ ಹೇಳಿದ, ಯಾರೂ ಕೇಳುವ ಮೊದಲೇ. ಸರದಿಯ ಪ್ರಕಾರ ಆ ವರ್ಷ ನಾನೂ ಹಿರಿಯನಾಗಿದ್ದೆ. ಹಿರಿಯರು ಮನೆಮನೆಗೆ ಹೋಗಿ ಆತ್ಮದ ಕ್ಷೇಮ ವಿಚಾರಿಸುವ ಪದ್ಧತಿ ನಮ್ಮಲ್ಲಿದೆ. ಒಬ್ಬ ಮಾತಾಡುವವನು, ಒಬ್ಬ ತಲೆಯಾಡಿಸುವವನು. ತಲೆಯಾಡಿಸುವವನು ನಾನು.

ಆ ವರ್ಷ ಬಿಸಿಲು ಬೇಗ ಬಂದು ಹೂವೆಲ್ಲ ಮುಂಚೆಯೇ ಮೊಗ್ಗೊಡೆದಿತ್ತು. ಶುಕ್ರವಾರ ನಾವು ಹೋದಾಗ ರೀಕಕ್ಕ ನೆಲಮಾಳಿಗೆಯಿಂದ ಮೇಲೆ ಬಂದಳು, ತೋಳಿನ ತುಂಬ ಪೇಪರ್ ಪೊಟ್ಟಣ. ತಾಯಿಯ ಗಿಡದ ಬಿಳಿಯನ್ನೆಲ್ಲ ಅವಳು ಎರಡು ವಾರದಿಂದ ಫ್ರಿಜ್ಜಿನಲ್ಲಿ ಕಾಪಾಡಿದ್ದಳು, ಒಂದನ್ನೂ ಮಾರಿರಲಿಲ್ಲ.

“ರೀಕಾ, ನಾವು ಪ್ರೀತಿಯಿಂದ ಬಂದಿದೀವಿ,” ಎಂದ ಡ್ರೀಸ್. ಹಿರಿಯರು ಪ್ರೀತಿಯಿಂದ ಬಂದಿದ್ದೇವೆ ಎಂದರೆ ನಮ್ಮಲ್ಲಿ ಬುದ್ಧಿ ಇದ್ದವರು ಚಿಲಕ ಹಾಕಿಕೊಳ್ಳುತ್ತಾರೆ.

“ಆ ಪ್ರೀತಿಗೆ ಶೂ ಬಿಚ್ಚೋಕೆ ಹೇಳು. ಈಗಷ್ಟೇ ನೆಲ ಒರೆಸಿದೀನಿ.”

ಕಾಫಿ ಬಂತು, ಬಿಸ್ಕತ್ತು ಬರಲಿಲ್ಲ. ಬಿಸ್ಕತ್ತಿನ ಡಬ್ಬ ಗೂಡಿನಲ್ಲಿ ಕಣ್ಣೆದುರೇ ಇತ್ತು. ನಾನು ಅದನ್ನೇ ನೋಡುತ್ತಾ ಕುಳಿತೆ.

“ಡಬ್ಬದ ವಿಷಯ ಮಾತಾಡ್ಬೇಕಿತ್ತು,” ಎಂದ ಡ್ರೀಸ್.

“ಬಿಸ್ಕತ್ ಡಬ್ಬ ಇವತ್ತು ತೆಗೆಯಲ್ಲ.”

“ದುಡ್ಡಿನ ಡಬ್ಬ ರೀಕಾ. ಭಾನುವಾರ ಹೊರಗಡೆನೇ ಇರುತ್ತಲ್ಲ.”

“ಮರೆತುಹೋಗುತ್ತಪ್ಪ. ವಯಸ್ಸಾಯ್ತು.”

“ಪ್ರತಿ ವರ್ಷ ಅದೇ ದಿನಾನೇ ಮರೆಯುತ್ತಾ?”

“ನಿನ್ ಹೆಂಡ್ತಿ ಹುಟ್ಟಿದ ದಿನ ನಿಂಗೆ ಪ್ರತಿ ವರ್ಷ ಮರೆಯಲ್ವಾ? ಅದೂ ಒಂದೇ ದಿನ ತಾನೆ?”

ನಾನು ಕಾಫಿ ಲೋಟದೊಳಗೆ ಕೆಮ್ಮಿದೆ. ಡ್ರೀಸ್ ನನ್ನನ್ನು ದುರುಗುಟ್ಟಿ ನೋಡಿ, ದನಿಯನ್ನು ಪಾದ್ರಿಯ ದನಿಗೆ ಇಳಿಸಿದ. “ಸಬ್ಬತ್ತಿನ ದಿನ ವ್ಯಾಪಾರ ಮಾಡೋದು ತಪ್ಪು ಅಂತ ನಿಂಗೆ ನಾನು ಹೇಳಿಕೊಡ್ಬೇಕಾ? ನಿನ್ ಸ್ವಂತ ತಂಗೀನ ಇದೇ ಮಾತಿಗೆ...” ಅಲ್ಲಿಗೆ ಅವನು ತಡೆದುಕೊಂಡ. ಸಭ್ಯ ಜನ.

ರೀಕಕ್ಕ ಪೊಟ್ಟಣಗಳನ್ನು ಒಂದೊಂದಾಗಿ ಮೇಜಿನ ಮೇಲೆ ಮಲಗಿಸಿದಳು. “ಮಾರೋದು ಯಾರು ಡ್ರೀಸಪ್ಪ? ನಾನಂತೂ ಆ ಹೊತ್ತಿಗೆ ಚರ್ಚಲ್ಲಿ ನಿನ್ ಹಿಂದಿನ ಬೆಂಚಲ್ಲಿ ಕೂತು ನಿನ್ ಗೊರಕೆ ಕೇಳ್ತಿರ್ತೀನಿ. ಹೂವು ತನ್ನಷ್ಟಕ್ಕೆ ನಿಂತಿರುತ್ತೆ, ಡಬ್ಬ ತನ್ನಷ್ಟಕ್ಕೆ ಕೂತಿರುತ್ತೆ. ನಿಮ್ ಪೆಟ್ರೋಲ್ ಪಂಪು ಭಾನುವಾರ ಕಾರ್ಡು ನುಂಗಲ್ವಾ? ಯಂತ್ರಕ್ಕೆ ಆತ್ಮ ಇಲ್ಲ, ಅದಕ್ಕೆ ಸಬ್ಬತ್ತೂ ಇಲ್ಲ ಅಂತ ನೀವೇ ತೀರ್ಮಾನ ಮಾಡಿದ್ರಿ. ನನ್ ಡಬ್ಬಕ್ಕೆ ಆತ್ಮ ಯಾವಾಗ ಬಂತು?”

ಆ ಪಂಪು ಊರಿನ ಸಹಕಾರ ಸಂಘದ್ದು. ಡ್ರೀಸ್ ಸಂಘದ ನಿರ್ದೇಶಕ. ಅವನು ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ಬಾಯಿಗೆ ಹಾಕಿಕೊಂಡ. ಉತ್ತರ ತೋಚದಿದ್ದಾಗ ನಮ್ಮವರೆಲ್ಲ ಮಾಡುವುದು ಅದನ್ನೇ. ಅದನ್ನು ಚೀಪಿ ಮುಗಿಸುವಷ್ಟರಲ್ಲಿ ಅವನಿಗೊಂದು ಉಪಾಯ ಹೊಳೆದಿತ್ತು.

“ಹೂವು ಇರಲಿ. ಡಬ್ಬ ಬೇಡ. ಭಾನುವಾರ ಯಾರಿಗಾದ್ರೂ ಹೂವು ಬೇಕಂದ್ರೆ ಹಾಗೇ ತಗೊಂಡು ಹೋಗ್ಲಿ. ಕೊಟ್ರೆ ಅದು ದಯೆ. ದಯೆ ಮಾಡೋಕೆ ಸಬ್ಬತ್ತು ಅಡ್ಡಿಯಿಲ್ಲ. ಆದ್ರೆ ಒಂದು ಕಾಸು ಆ ಮೇಜಿನ ಮೇಲೆ ಬಿದ್ರೂ ಮುಂದಿನ ತಿಂಗಳು ಕರ್ತನ ಭೋಜನಕ್ಕೆ ನೀನು ಬರೋ ಹಾಗಿಲ್ಲ. ಇದು ಸಭೆಯ ತೀರ್ಮಾನ.”

ಸಭೆ ಆ ತೀರ್ಮಾನವನ್ನು ಅದೇ ಕ್ಷಣದಲ್ಲಿ, ಪೆಪ್ಪರ್‌ಮಿಂಟಿನ ಜೊತೆ ಮಾಡಿತ್ತು. ನಾನು ತಲೆಯಾಡಿಸಿದೆ. ಬಿಟ್ಟಿ ಕೊಡುವುದಕ್ಕಿಂತ ರೀಕಾ ಹೂವನ್ನೇ ಒಳಗೆ ತೆಗೆದುಕೊಂಡು ಹೋಗುತ್ತಾಳೆ, ಜನ ಜೆರೇನಿಯಂ ಕೊಳ್ಳುತ್ತಾರೆ ಎನ್ನುವುದು ಡ್ರೀಸನ ಲೆಕ್ಕ. ನಮ್ಮ ಪೈಕಿ ಯಾರ ವಿಷಯದಲ್ಲಿ ನೋಡಿದರೂ ಅದು ಸರಿಯಾದ ಲೆಕ್ಕವೇ.

ರೀಕಕ್ಕ ನಾವಿನ್ನೂ ಕುಡಿಯುತ್ತಿದ್ದ ಕಾಫಿ ಲೋಟಗಳನ್ನು ಎತ್ತಿಬಿಟ್ಟಳು. ಡ್ರೀಸ್ ಶೂ ಹಾಕಿಕೊಳ್ಳಲು ಹೊರಗೆ ಹೋದಾಗ ಅವಳು ನನ್ನ ಅಂಗಿಯ ತೋಳು ಹಿಡಿದುಕೊಂಡಳು. “ಲಾಂಬರ್ಟ್, ಬಿಟ್ಟಿ ಹೂವು ಅವಳು ಮುಟ್ತಾಳಾ?”

“ಯಾರು?” ಎಂದೆ ನಾನು.

“ಯಾರು ಅಂತ ಕೇಳ್ತೀಯಲ್ಲೋ! ಇಷ್ಟು ವರ್ಷ ಕಿಟಕೀಲಿ ಕೂತು ಏನ್ ನೋಡ್ತಿದ್ದೆ ಮತ್ತೆ?”

ನನಗೆ ನಾಚಿಕೆಯಾಯಿತು. ಹಿಲ್ಕೆ ಬಿಟ್ಟಿ ಹೂವು ಮುಟ್ಟುವವಳಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಡಬ್ಬ ಇಲ್ಲದಿದ್ದರೆ ಅವಳು ಬಂದು ನೋಡಿ, ಅಕ್ಕ ಇದೊಂದನ್ನೂ ಮುಚ್ಚಿದಳು ಎಂದುಕೊಂಡು ಹೋಗುತ್ತಾಳೆ. ಮತ್ತೆ ಬರುವುದಿಲ್ಲ. ಡಬ್ಬ ಇಟ್ಟರೆ ಜೀವಮಾನವಿಡೀ ಕೂತ ಬೆಂಚಿನಲ್ಲಿ ರೀಕಕ್ಕ, ಎಲ್ಲರೂ ಎದ್ದು ರೊಟ್ಟಿ ದ್ರಾಕ್ಷಾರಸಕ್ಕೆ ಹೋಗುವಾಗ, ಒಬ್ಬಳೇ ಕೂತಿರಬೇಕು.

ಶನಿವಾರ ಡ್ರೀಸ್ ನನಗೆ ಇನ್ನೊಂದು ಜವಾಬ್ದಾರಿ ವಹಿಸಿದ. ನಾನು ಎದುರುಮನೆಯವನಾದ್ದರಿಂದ ಭಾನುವಾರ ಬೆಳಿಗ್ಗೆ ಆರಾಧನೆಗೆ ಬರದೆ ಮನೆಯಲ್ಲೇ ಕೂತು ಮೇಜಿನ ಮೇಲೆ ಕಾಸು ಬೀಳದಂತೆ ನೋಡಿಕೊಳ್ಳಬೇಕು. ಸಬ್ಬತ್ತನ್ನು ಕಾಪಾಡಲು ಸಬ್ಬತ್ತಿಗೆ ಚಕ್ಕರ್ ಹೊಡೆಯುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ಕೋರಿಯೂ ಚರ್ಚಿಗೆ ಹೋಗಲಿಲ್ಲ. “ಕಾವಲುಗಾರನ್ನ ಕಾಯೋಕೆ ಒಬ್ರು ಬೇಕಲ್ಲ,” ಎಂದು ಕಾಫಿ ಹಿಡಿದುಕೊಂಡು ಕಿಟಕಿಯ ಹತ್ತಿರ ಬಂದು ಕೂತಳು.

ಬೆಳಿಗ್ಗೆ ರೀಕಕ್ಕ ಬಕೆಟ್ಟುಗಳನ್ನು ತಂದಿಟ್ಟಳು, ಗುಲಾಬಿ ಬಣ್ಣದವು, ಕಡುಗೆಂಪಿನವು. ಡಬ್ಬವಿರಲಿಲ್ಲ, ಬರೀ ಸರಪಳಿ ನೇತಾಡುತ್ತಿತ್ತು. ಡ್ರೀಸನ ಲೆಕ್ಕ ಎಲ್ಲಿ ತಪ್ಪಿತೆಂದರೆ, ಅವನು ತೀರ್ಮಾನವನ್ನು ತನ್ನ ಹೆಂಡತಿಗೆ ಹೇಳಿದ್ದ. ಅವಳು ಊರಿಗೆ ಹೇಳಿದ್ದಳು. ಆರಾಧನೆಗೆ ಇನ್ನೂ ಹೊತ್ತಿರುವಾಗಲೇ ಕಾರುಗಳು ಬರತೊಡಗಿದವು. ಭಾನುವಾರ ಒಂದು ಕಾಸು ಬಿಚ್ಚದವರು, ಶನಿವಾರ ಬಾಗಿದ ದಂಟಿಗೆ ಚೌಕಾಸಿ ಮಾಡಿದವರು, ಎಲ್ಲರೂ ಬಂದರು. ಗಂಡಸರು ಟೈ ಕಟ್ಟಿಕೊಂಡಿದ್ದರು, ಹೆಂಗಸರು ಕೈಗೆ ನೀರು ಸೋಕದಂತೆ ಟವೆಲ್ಲು ತಂದಿದ್ದರು. ದಯೆಯನ್ನು ಸ್ವೀಕರಿಸುವುದರಲ್ಲಿ ವರ್ಕಮ್ಮಿನವರು ಹಿಂದೆ ಬಿದ್ದವರೇ ಅಲ್ಲ. ಕರ್ತನ ಭೋಜನಕ್ಕೂ ನಾನು ಇಷ್ಟು ಉದ್ದದ ಸಾಲು ಕಂಡಿಲ್ಲ.

“ನೋಡ್ರೀ ಅಲ್ಲಿ, ಡ್ರೀಸನ ಹೆಂಡ್ತಿ,” ಎಂದಳು ಕೋರಿ. “ಹಿಂದಿನ ಸೀಟು ತುಂಬಿಸಿಬಿಟ್ಳು. ಈಗ ಮುಂದಿನ ಸೀಟು.”

“ಡ್ರೀಸ್ ಎಲ್ಲಿ ಕೂರ್ತಾನೆ?”

“ಡಿಕ್ಕೀಲಿ ಕೂರ್ಲಿ. ಅಂಗಡೀಲಿ ಜೆರೇನಿಯಂ ಒಣಗ್ತಾ ಇದೆ, ಸಮಾಧಿಗೆ ಪಿಯೋನಿ.”

ಗಂಟೆ ಹೊಡೆಯುವ ಹೊತ್ತಿಗೆ ಬಕೆಟ್ಟುಗಳಲ್ಲಿ ನೀರು ಮತ್ತು ಕೆಲವು ಇರುವೆ ಮಾತ್ರ ಉಳಿದಿದ್ದವು. ಕಾರುಗಳೆಲ್ಲ ಹೋದ ಮೇಲೆ ರೀಕಕ್ಕ ಮನೆಯಿಂದ ಹೊರಗೆ ಬಂದಳು, ಟೋಪಿ ಕೋಟು ಎಲ್ಲ ಹಾಕಿಕೊಂಡು. ಕೈಯಲ್ಲಿ ಬಿಳಿ ಹೂವಿನ ಬಕೆಟ್ಟು. ಅದನ್ನು ಮೇಜಿನ ಎಡತುದಿಯಲ್ಲಿ ಇಟ್ಟಳು. ಒಂದು ಹೂವಿನ ತಲೆ ಎತ್ತಿ ನಿಲ್ಲಿಸಿದಳು, ಅದು ಮತ್ತೆ ಬಾಗಿತು, ಮತ್ತೆ ಎತ್ತಿದಳು. ರಸ್ತೆಯ ಎರಡೂ ಕಡೆ ನೋಡಿದಳು. ಅವಳು ಚರ್ಚಿಗೆ ತಡವಾಗಿ ಹೋದದ್ದನ್ನು ಅವತ್ತೇ ನಾನು ಕಂಡದ್ದು. ನನಗೆ ಆ ಹೊತ್ತಿನಲ್ಲಿ ಡ್ರೀಸನ ಮೇಲೆ, ಹಿರಿಯರ ಸಭೆಯ ಮೇಲೆ, ಚೆನ್ನಾಗಿ ತಲೆಯಾಡಿಸಲು ಬರುವ ನನ್ನ ಕುತ್ತಿಗೆಯ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂತು.

ಹಿಲ್ಕೆಯ ಪಿಕಪ್ ಬಂತು. ಹೋಟೆಲಿನ ಏಪ್ರನ್ ಇನ್ನೂ ಮೈಮೇಲಿತ್ತು, ಮೊಣಕೈತನಕ ಹಿಟ್ಟು. ಅವಳು ಸೀದಾ ಎಡಗಡೆಗೆ ಹೋಗಿ ಬಿಳಿಯ ಕಟ್ಟನ್ನು ಎತ್ತಿಕೊಂಡಳು. ಇನ್ನೊಂದು ಕೈಯಲ್ಲಿ ನ್ಯಾಪ್ಕಿನ್ ಸಿದ್ಧವಾಗಿತ್ತು. ಡಬ್ಬ ಇರಬೇಕಾದ ಕಡೆ ಕೈ ಹೋಯಿತು. ಡಬ್ಬವಿಲ್ಲ. ಮೇಜಿನ ಕೆಳಗೆ ಬಗ್ಗಿ ನೋಡಿದಳು. ಸರಪಳಿ ಹಿಡಿದು ಎಳೆದು ನೋಡಿದಳು. ಖಾಲಿ ಬಕೆಟ್ಟುಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿದಳು. ಮೇಜಿನ ಸುತ್ತ ಒಂದು ಸುತ್ತು ಬಂದು, ಕೊನೆಗೆ ನ್ಯಾಪ್ಕಿನ್ನನ್ನು ಒಂದು ಬಕೆಟ್ಟಿನ ಕೆಳಗೆ ಸಿಕ್ಕಿಸಿದಳು.

ಕೋರಿ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದಳು. “ಹೋಗಿ.”

“ಎಲ್ಲಿಗೆ?”

“ನೀವು ಕಾವಲುಗಾರ ಅಲ್ವಾ? ಕಾಸು ಮೇಜಿನ ಮೇಲೆ ಬಿತ್ತು. ಹೋಗಿ ತಡೀರಿ.”

“ಹಾಗೇ ಬಿಟ್ರೆ ಅವಳು ಹೂವು ತಗೊಂಡು ಹೋಗ್ತಾಳೆ ಕಣೆ. ನಾವು ನೋಡಿಲ್ಲ ಅಂದ್ರಾಯ್ತು.”

“ಹಾಗೇ ಹೋದ್ರೆ ಇನ್ನೊಂದು ವರ್ಷ ಹೀಗೇ. ಆಮೇಲೆ ಇನ್ನೊಂದು ವರ್ಷ. ಆಮೇಲೆ ಇಬ್ರಲ್ಲಿ ಒಬ್ಳು ಇರಲ್ಲ. ಏಳ್ರೀ, ಜೀವನದಲ್ಲಿ ಒಂದ್ಸಲ ಹಿರಿಯರ ಮಾತು ಸರಿಯಾಗಿ ನಡೆಸಿ!”

ನಾನು ಚಪ್ಪಲಿಯಲ್ಲೇ ರಸ್ತೆ ದಾಟಿದೆ. ಹಿಲ್ಕೆ ನನ್ನನ್ನು ನೋಡಿ ಹೂವನ್ನು ಎದೆಗೆ ಅವಚಿಕೊಂಡಳು.

“ದುಡ್ಡು ಇಡೋ ಹಾಗಿಲ್ಲ ಹಿಲ್ಕೆ,” ಎಂದೆ, ಸಾಧ್ಯವಾದಷ್ಟು ಡ್ರೀಸನ ದನಿಯಲ್ಲಿ. “ಸಭೆಯ ತೀರ್ಮಾನ. ಈ ಮೇಜಿನ ಮೇಲೆ ಕಾಸು ಬಿದ್ರೆ ನಿಮ್ಮಕ್ಕಂಗೆ ಕರ್ತನ ಭೋಜನ ಇಲ್ಲ.”

“ಇಷ್ಟು ವರ್ಷ ಇತ್ತಲ್ಲ ಡಬ್ಬ?”

“ಇಷ್ಟು ವರ್ಷ ಅವಳು ಮರೆತಿದ್ಳು. ಈ ವರ್ಷ ಮರೆಯೋ ಹಾಗಿಲ್ಲ ಅಂತ ಹೇಳಿದೀವಿ.”

ಅವಳಿಗೆ ಅರ್ಥವಾಯಿತು. ಹಿಟ್ಟು ಮೆತ್ತಿದ ಮುಖ ಕೆಂಪಾಯಿತು. “ನನಗೋಸ್ಕರನಾ?”

“ಮತ್ತೆ ಇನ್ಯಾರಿಗೆ? ಉಳಿದ ಭಾನುವಾರ ಮೇಜನ್ನೇ ಒಳಗಿಡ್ತಾಳೆ.”

ಅವಳು ನ್ಯಾಪ್ಕಿನ್ನನ್ನು ಬಕೆಟ್ಟಿನ ಕೆಳಗಿಂದ ಎಳೆದುಕೊಂಡಳು. ಆಮೇಲೆ ಕಟ್ಟನ್ನು ವಾಪಸು ಬಕೆಟ್ಟಿಗಿಟ್ಟಳು. “ಹಂಗಿದ್ರೆ ನಂಗೆ ಹೂವೇ ಬೇಡ. ಬಿಟ್ಟಿ ತಗೊಳ್ಳಲ್ಲ ಅಂತ ಹೇಳಿದೀನಿ.” ಪಿಕಪ್‌ವರೆಗೂ ಹೋದಳು, ಬಾಗಿಲು ತೆಗೆದಳು. ಕಿಟಕಿಯಲ್ಲಿ ಕೋರಿ ತಲೆಯ ಮೇಲೆ ಕೈಹೊತ್ತು ಕೂತದ್ದು ಕಾಣುತ್ತಿತ್ತು. ಹಿಲ್ಕೆ ತಿರುಗಿ ನೋಡಿದಳು. ತಾಯಿಯ ಹೂವುಗಳು, ಅಷ್ಟು ಖಾಲಿ ಬಕೆಟ್ಟುಗಳ ನಡುವೆ ಅದೊಂದೇ ಕಟ್ಟು, ಭಾರಕ್ಕೆ ತಲೆ ಬಾಗಿಸಿಕೊಂಡು ನಿಂತಿದ್ದವು. ಅವಳು ಗಾಡಿ ಹತ್ತದೆ ಬಾಗಿಲನ್ನು ದಡಾರನೆ ಹಾಕಿದಳು.

“ಮತ್ತೆ ದುಡ್ಡು ಯಾರಿಗೆ ಕೊಡ್ಲಿ ಲಾಂಬರ್ಟಣ್ಣ?”

“ಅವಳ ಕೈಗೇ ಕೊಡ್ಬೇಕು. ಬೇರೆ ದಾರಿ ಇಲ್ಲ.”

ಇದು ಯಾವ ಸಭೆಯ ತೀರ್ಮಾನವೂ ಅಲ್ಲ. ನಾನು ಒಂದು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡು ಮನೆಗೆ ಬಂದೆ.

ರೀಕಕ್ಕ ಚರ್ಚಿನಿಂದ ಬಂದಾಗ ಮೊದಲು ನೋಡಿದ್ದು ಮೇಜನ್ನು. ಬಿಳಿಯ ಬಕೆಟ್ಟು ಖಾಲಿಯಿತ್ತು. ಆಮೇಲೆ ಪಿಕಪ್ ಕಂಡಿತು. ಆಮೇಲೆ ಹಿಲ್ಕೆ. ಅವಳು ಹೂವಿನ ಕಟ್ಟು ಹಿಡಿದು ಜಗಲಿಯ ಮೆಟ್ಟಿಲಿನ ಬುಡದಲ್ಲಿ, ಹುಲ್ಲಿನ ಮೇಲೆ ನಿಂತಿದ್ದಳು. ಒಂದು ಕಾಲನ್ನೂ ಮೆಟ್ಟಿಲ ಮೇಲೆ ಇಟ್ಟಿರಲಿಲ್ಲ. ಕೋರಿ ಕಿಟಕಿ ತೆರೆದಿಟ್ಟಿದ್ದಳು, ಕಾಫಿಯ ಹಬೆ ಹೋಗಲಿ ಅಂತ.

“ದುಡ್ಡು ತಗೋ,” ಎಂದಳು ಹಿಲ್ಕೆ, ನ್ಯಾಪ್ಕಿನ್ ಚಾಚಿ. “ನಂಗೆ ಯಾರ ಋಣಾನೂ ಬೇಡ.”

ರೀಕಕ್ಕ ಕೈಗವಸು ಒಂದೊಂದೇ ಬೆರಳಿನಿಂದ ಬಿಚ್ಚಿದಳು. ಬಿಚ್ಚಿದ್ದನ್ನು ಮತ್ತೆ ಹಾಕಿಕೊಂಡು, ಮತ್ತೆ ಬಿಚ್ಚಿದಳು. ದನಿ ಮಾತ್ರ ಸೂಪು ಬಡಿಸುವ ದನಿಯೇ.

“ಭಾನುವಾರ ನಾನು ದುಡ್ಡು ಮುಟ್ಟಲ್ಲ.”

“ಅಕ್ಕ!”

“ಸಭೆಯ ತೀರ್ಮಾನ. ನಾನೇನ್ ಮಾಡ್ಲಿ?”

“ಮತ್ತೆ ನಾನೇನ್ ಮಾಡ್ಲಿ?”

“ನಾಳೆವರೆಗೂ ಇರು. ನಾಳೆ ತಗೋತೀನಿ.”

“ಎಲ್ಲಿ ಇರ್ಲಿ? ಈ ಹುಲ್ಲಿನ ಮೇಲಾ?”

“ಒಳಗೆ ಬಾ,” ಎಂದಳು ರೀಕಕ್ಕ. “ಕೈಯಲ್ಲಿ ದುಡ್ಡು ಹಿಡ್ಕೊಂಡು ಇಲ್ಲಿ ನಿಂತ್ರೆ ನೋಡಿದವರು ವ್ಯಾಪಾರ ಅಂದ್ಕೋತಾರೆ.”

ಹಿಲ್ಕೆ ಮೆಟ್ಟಿಲು ನೋಡಿದಳು, ಅಕ್ಕನನ್ನು ನೋಡಿದಳು. “ಭಾನುವಾರ ಹೋಟೆಲ್ ನಾನು ಮುಚ್ಚಲ್ಲ.”

“ಮುಚ್ಚು ಅಂತ ನಾನು ಇವತ್ತು ಹೇಳಿದ್ನಾ? ಹಿಟ್ಟು ಕೊಡವಿಕೊಂಡು ಬಾ, ನೆಲ ಒರೆಸಿದೀನಿ.”

ಬಾಗಿಲು ಹಾಕಿಕೊಂಡಿತು. ಆಮೇಲೆ ಕಿಟಕಿಯಿಂದ ಕಂಡದ್ದು ಒಂದೇ, ಅಡುಗೆಮನೆಯ ಗೂಡಿನಿಂದ ಬಿಸ್ಕತ್ತಿನ ಡಬ್ಬ ಕೆಳಗಿಳಿದದ್ದು. ಕೋರಿ ಪರದೆ ಎಳೆದಳು, ಮದುವೆಯಾದಾಗಿನಿಂದ ಮೊದಲ ಸಲ.

ಸೋಮವಾರ ಇಬ್ಬರೂ ಒಂದೇ ಗಾಡಿಯಲ್ಲಿ ತಾಯಿಯ ಸಮಾಧಿಗೆ ಹೋದರು. ಸುತ್ತಲಿನ ಸಮಾಧಿಗಳ ಮೇಲೆಲ್ಲ ರೀಕಕ್ಕನ ಬಿಟ್ಟಿ ಪಿಯೋನಿಗಳೇ ರಾಶಿ ಬಿದ್ದಿದ್ದವು. ಹಿರಿಯರ ಸಭೆಯಲ್ಲಿ ಡ್ರೀಸ್ ನನ್ನನ್ನು ಕೇಳಿದ, “ಆ ಭಾನುವಾರ ಅಲ್ಲಿ ದುಡ್ಡು ಏನಾದ್ರೂ ಕೈ ಬದಲಾಯ್ತಾ?” ಇಲ್ಲ ಎಂದೆ. ಸತ್ಯವೇ. ಸೋಮವಾರ ಸತ್ತವರ ದಿನ, ದುಡ್ಡಿನ ಮಾತು ಬೇಡ ಎಂದು ರೀಕಕ್ಕ ತಳ್ಳಿಹಾಕಿದಳಂತೆ. ನ್ಯಾಪ್ಕಿನ್ ಇನ್ನೂ ಹಿಲ್ಕೆಯ ಏಪ್ರನ್ ಜೇಬಿನಲ್ಲೇ ಇದೆ. ಬಾಕಿ ಇಟ್ಟುಕೊಳ್ಳುವ ಜಾಯಮಾನ ಅವಳದ್ದಲ್ಲ. ಹೋಟೆಲಿನಲ್ಲಿ ಬೆಳಗಿನ ಗಿರಾಕಿ ಕರಗಿದ ಮೇಲೆ ಅದನ್ನು ತೀರಿಸಲೆಂದೇ ಅಕ್ಕನ ಮನೆಗೆ ಬರುತ್ತಾಳೆ. ಬರುವುದು ಮಾತ್ರ ಯಾವಾಗಲೂ ಭಾನುವಾರ.